ಇಪ್ಪತ್ತನಾಲ್ಕು ನಂಟು

ಬಸ್ಸು ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನ ಎದುರು ನಿಂತಾಗ ಮರುಳಸಿದ್ದಪ್ಪ ಇಳಿಯಲಿಲ್ಲ. ಇಳಿಯುವುದಕ್ಕೆಂದೇ ಎದ್ದು ಬಾಗಿಲ ತನಕ ಬಂದಿದ್ದ. ಹಿಂದಿದ್ದವರಿಗೆ ದಾರಿ ಬಿಡುವ ನೆಪದಲ್ಲಿ ಕಂಬಿಗೆ ಒತ್ತಿಕೊಂಡು ನಿಂತ, ಎಲ್ಲರೂ ಇಳಿದರು, ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೊರಟಿತು. "ಫೋರ್ತ್ ಬ್ಲಾಕ್ ಟಿಕೆಟ್ ಅಲ್ವಾ ಸಾರ್ ನಿಮ್ದು?" ಎಂದು ಕಂಡಕ್ಟರ್ ಕೇಳಿದಾಗ "ಹೌದು, ಮರೆತುಬಿಟ್ಟೆ" ಎಂದ. ಮರೆತಿರಲಿಲ್ಲ. "ಏನ್ ಸಾರ್, ಓದಿರೋರೇ ಹಿಂಗ್ ಮಾಡಿದ್ರೆ ಹೆಂಗೆ," ಎಂದ ಕಂಡಕ್ಟರ್, ಎಲ್ಲರಿಗೂ ಕೇಳುವ ಹಾಗೆ. ಮುಂದಿನ ಸೀಟಿನ ಇಬ್ಬರು ಹೆಂಗಸರು ತಿರುಗಿ ನೋಡಿದರು. ಇಪ್ಪತ್ತೈದು ವರ್ಷ ಫಿಸಿಕ್ಸ್ ಮಾಡಿದ ಮನುಷ್ಯ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಒಂದು ಬಸ್‌ಸ್ಟಾಪಿನ ವಿಷಯದಲ್ಲಿ ಸುಳ್ಳು ಹೇಳಿ ಕಿವಿ ಬಿಸಿ ಮಾಡಿಕೊಂಡ. ಮುಂದಿನ ಸ್ಟಾಪಿನಲ್ಲಿ ಇಳಿದು ಕಾಂಪ್ಲೆಕ್ಸಿನ ಕಡೆಗೆ ಹಿಂದಕ್ಕೆ ನಡೆದ.

ಅಂಗಿಯ ಜೇಬಿನಲ್ಲಿ ನಾಲ್ಕಾಗಿ ಮಡಿಸಿದ ಒಂದು ಹಾಳೆಯಿತ್ತು. ಅದರಲ್ಲಿ ಇಂಗ್ಲಿಷಿನಲ್ಲಿ ಬರೆದ ಒಂದೇ ವಾಕ್ಯ. ಎಂಟು ವರ್ಷದ ಹಿಂದೆ, ಎಪ್ಪತ್ತೊಂಬತ್ತರಲ್ಲಿ ಅಚ್ಚಾದ ಅವನ ಪೇಪರಿಗೆ ತಿದ್ದುಪಡಿ. ಕಂಪ್ಯೂಟರಿಗೆ ಕೊಡುವ ಕಾರ್ಡುಗಳನ್ನು ಪಂಚ್ ಮಾಡುವ ಹಂತದಲ್ಲಿ ನುಸುಳಿದ ಒಂದು ತಪ್ಪಿನಿಂದಾಗಿ ಎರಡನೇ ಕೋಷ್ಟಕದ ಅಂಕಿ ಸರಿಯಿಲ್ಲ, ಓದುಗರು ಮನ್ನಿಸಬೇಕು, ಎಂದು. ಬರೆದು ಮುಗಿಸಿದಾಗ ವಾಕ್ಯ ಅವನಿಗೆ ಬಹಳ ಹಿಡಿಸಿತ್ತು. ಅದರಲ್ಲಿ ತಪ್ಪು ತಾನಾಗಿ ನುಸುಳಿತ್ತು, ಯಾರೂ ಬಾಗಿಲು ತೆಗೆದಿರಲಿಲ್ಲ. ಮಾರನೆಯ ದಿನ ಹಳೆಯ ಪೇಪರನ್ನು ತೆಗೆದು ನೋಡಿದಾಗ ಕೊನೆಯ ಪುಟದ ಕೃತಜ್ಞತೆಯ ಸಾಲು ಕಣ್ಣಿಗೆ ಬಿತ್ತು: ಕಾರ್ಡುಗಳನ್ನು ಪಂಚ್ ಮಾಡಿಕೊಟ್ಟ ಕುಮಾರಿ ಎಂ. ಚೂಡಾಮಣಿಯವರಿಗೆ ವಂದನೆಗಳು. ಆ ಪೇಪರಿನಲ್ಲಿ ಇದ್ದದ್ದು ಎರಡೇ ಹೆಸರು, ಒಂದು ಮೇಲೆ, ಒಂದು ಕೆಳಗೆ. ತಿದ್ದುಪಡಿ ಓದಿದವರು ಕೆಳಗಿನ ಹೆಸರನ್ನೇ ನೋಡುತ್ತಾರೆ. ಇದು ಗೊತ್ತಾದ ಮೇಲೆ ಹಾಳೆಯನ್ನು ಹರಿದು ಬೇರೆ ಬರೆಯಬಹುದಿತ್ತು. ಅವನು ಹಾಗೆ ಮಾಡದೆ ಅದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಮೂರು ದಿನ ಓಡಾಡಿ, ಕಳಿಸುವ ಮೊದಲು ಅವಳಿಗೆ ಒಂದು ಮಾತು ತಿಳಿಸುವುದು ಸೌಜನ್ಯ ಎಂದು ತೀರ್ಮಾನಿಸಿದ. ಅವಳು ಆಗಲಿ ಅಂದುಬಿಟ್ಟರೆ ಮುಗಿಯಿತು ಅನ್ನುವುದೂ ಆ ಸೌಜನ್ಯದ ಒಳಗೆ ಇತ್ತು. ಅದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಹೊರಟಿದ್ದ.

"ಭಾನುವಾರ ಎಲ್ಲಿಗ್ರೀ?" ಎಂದು ಜೆ.ಪಿ. ನಗರದ ಮನೆಯ ಗೇಟಿನಲ್ಲಿ ಹೆಂಡತಿ ಬಸವಲಿಂಗಮ್ಮ ಕೇಳಿದ್ದಳು. "ಸಿದ್ದಾಪುರಕ್ಕೆ, ಒಬ್ಬ ಹಳೇ ಸ್ಟೂಡೆಂಟ್ ಮನೆಗೆ." "ಸ್ಟೂಡೆಂಟ್ ಮನೆಗೆ ನೀವ್ಯಾಕ್ರೀ ಹೋಗ್ತೀರಿ, ಅವರು ಬರಬೇಕಲ್ಲ," ಎಂದಿದ್ದಳು. ಅದೂ ನಿಜವೇ. ಇಪ್ಪತ್ತೈದು ವರ್ಷದಲ್ಲಿ ಯಾವ ವಿದ್ಯಾರ್ಥಿಯ ಮನೆಗೂ ಅವನು ಹೋದವನಲ್ಲ. ಈಗ ಕಾಂಪ್ಲೆಕ್ಸಿನ ಮೆಟ್ಟಿಲ ಹತ್ತಿರ ಹಣ್ಣಿನ ಗಾಡಿ ಕಂಡಾಗ ಬರಿಗೈಯಲ್ಲಿ ಹೋಗುವುದೋ ಬೇಡವೋ ಎಂಬ ಪ್ರಶ್ನೆ ಹುಟ್ಟಿತು. ಶಿಷ್ಯರು ಗುರುಗಳ ಮನೆಗೆ ಹಣ್ಣು ತರುತ್ತಾರೆ. ಗುರು ಶಿಷ್ಯೆಯ ಮನೆಗೆ ಹಣ್ಣು ಹಿಡಿದು ಹೋದರೆ ಏನರ್ಥ? ಕಾಯಿಲೆಯವರನ್ನು ನೋಡಲು ಹೋದ ಹಾಗೆ ಆಗುತ್ತದೆ, ಇಲ್ಲವೇ ಹೆಣ್ಣು ಕೇಳಲು ಹೋದ ಹಾಗೆ. ಏಲಕ್ಕಿ ಬಾಳೆಯ ಚಿಪ್ಪನ್ನು ಎತ್ತಿ ಕೆಳಗಿಟ್ಟ, ಮತ್ತೆ ಎತ್ತಿದ. ಗಾಡಿಯವಳು, "ತಗೊಳ್ಳಿ ಸಾರ್, ಹಣ್ಣು ಹಣ್ಣೇ, ಎಷ್ಟೊತ್ತು ನೋಡ್ತೀರಾ?" ಎಂದಳು. ತಗೊಂಡ.

ಅಶೋಕ ಪಿಲ್ಲರ್ ಕಡೆಗೆ ನಡೆಯುತ್ತ ಅವನು ಮನಸ್ಸಿನಲ್ಲಿ ಮಾತು ಜೋಡಿಸಿಕೊಳ್ಳಲು ನೋಡಿದ, ಮಾತಿನ ಬದಲು ತ್ರಿಕೋನ ಬಂತು. ಯಾವಾಗಲೂ ಅದೇ ಬರುತ್ತಿತ್ತು. ಕೆಲವು ಕಾಂತಗಳಲ್ಲಿ ಒಂದೊಂದು ಪರಮಾಣುವಿನ ಸ್ಪಿನ್ನೂ, ಪುಟ್ಟ ದಿಕ್ಸೂಚಿಯ ಮುಳ್ಳಿನಂಥದು, ತನ್ನ ನೆರೆಯ ಸ್ಪಿನ್ನಿಗೆ ಎದುರಾಗಿ ಇರಲು ಬಯಸುತ್ತದೆ. ಇದು ಮೇಲೆ ಅಂದರೆ ಅದು ಕೆಳಗೆ. ಚೌಕದ ಮೂಲೆಗಳಲ್ಲಿ ಕೂರಿಸಿದರೆ ಎಲ್ಲರಿಗೂ ಸಮಾಧಾನ. ತ್ರಿಕೋನದಲ್ಲಿ ಕೂರಿಸಿದರೆ ಇಬ್ಬರು ಮುಖ ತಿರುಗಿಸಿಕೊಂಡು ಕೂತ ಮೇಲೆ ಮೂರನೆಯವನು ಯಾರ ಕಡೆ ತಿರುಗಿದರೂ ಇನ್ನೊಬ್ಬನಿಗೆ ತಪ್ಪಿತಸ್ಥ. ಇಂಗ್ಲಿಷಿನವರು ಇದನ್ನು ಫ್ರಸ್ಟ್ರೇಶನ್ ಎಂದರು, ಅವನು ತನ್ನಷ್ಟಕ್ಕೆ ಪೇಚು ಎನ್ನುತ್ತಿದ್ದ. ಈ ಪೇಚಿನಲ್ಲಿ ಸಿಕ್ಕ ಸ್ಪಿನ್ನುಗಳು, ಎಷ್ಟೇ ತಣ್ಣಗೆ ಮಾಡಿದರೂ, ಯಾವುದಾದರೂ ಒಂದು ಸಾಲಿಗೆ ಬಂದು ನಿಲ್ಲುತ್ತವೆಯೋ ಅಥವಾ ಇಬ್ಬಿಬ್ಬರು ಜೊತೆಯಾಗುತ್ತ, ಜೊತೆ ಬದಲಿಸುತ್ತ, ಎಂದೂ ನಿಲ್ಲದೆ ದ್ರವದಂತೆ ಇರುತ್ತವೆಯೋ? ದ್ರವವೇ ಎಂದು ಅವನ ಪೇಪರು ಹೇಳಿತ್ತು. ಎಂಟು ವರ್ಷ ಅದನ್ನು ಕೇಳುವವರಿರಲಿಲ್ಲ. ಈ ವರ್ಷ ಹೊಸ ಸೂಪರ್‌ಕಂಡಕ್ಟರುಗಳ ಗಲಾಟೆ ಎದ್ದು, ಎಲ್ಲರೂ ಹಳೆಯ ಸ್ಪಿನ್ ಲಿಕ್ವಿಡ್ ಪೇಪರುಗಳನ್ನು ಹುಡುಕಿ ಓದತೊಡಗಿ, ಅವನಿಗೆ ಕಾಗದಗಳು ಬರತೊಡಗಿದವು. ಮೊದಲ ಎರಡು ಕಾಗದಗಳನ್ನು ಹೆಂಡತಿಗೂ ತೋರಿಸಿದ್ದ. ಮೂರನೆಯದು ಮದರಾಸಿನಿಂದ, ತಿರುಮಲೇಶ ಎಂಬ ಸಂಶೋಧಕನದು. ಎಂಟು ಸ್ಪಿನ್ನಿನ ತುಂಡಿಗೆ ಇಪ್ಪತ್ತನಾಲ್ಕು ಬಾಂಡು, ಅಂದರೆ ನಂಟು, ಇರಬೇಕಷ್ಟೆ, ಇಪ್ಪತ್ತು ಹಾಕಿದರೆ ತಮ್ಮ ಅಂಕಿ ಬರುತ್ತದೆ, ಇಪ್ಪತ್ತನಾಲ್ಕು ಹಾಕಿದರೆ ಬರುವುದಿಲ್ಲ, ನನ್ನ ಲೆಕ್ಕದಲ್ಲೇ ಏನೋ ದೋಷವಿರಬೇಕು, ದಯವಿಟ್ಟು ತಿಳಿಸಿ, ಎಂದು ಬಹಳ ವಿನಯದಿಂದ ಬರೆದಿದ್ದ. ಆ ಕಾಗದವನ್ನು ಮರುಳಸಿದ್ದಪ್ಪ ಹೆಂಡತಿಗೆ ತೋರಿಸಲಿಲ್ಲ.

ಆ ಪೇಪರಿನ ಲೆಕ್ಕ ಮಾಡಿಸಿದ ದಿನ ಕಾರ್ಡಿನ ಕೋಣೆಯಲ್ಲಿ ಏರ್‌ಕಂಡೀಶನರ್ ಶಬ್ದ ಮಾಡುತ್ತಿತ್ತು. ಪಂಚಿಂಗ್ ಯಂತ್ರದ ಮುಂದೆ ನಾಲ್ಕೈದು ಜನ ತಮ್ಮ ಸರದಿಗೆ ಕಾಯುತ್ತ ನಿಂತಿದ್ದರು. ಎಂಟು ಸ್ಪಿನ್ನು, ಎರಡು ಸಾಲು, ಸಾಲಿಗೆ ನಾಲ್ಕು. ತುಂಡು ಚಿಕ್ಕದಾದ್ದರಿಂದ ಅಂಚುಗಳನ್ನು ಒಂದಕ್ಕೊಂದು ಹೊಲಿದುಬಿಡುತ್ತಾರೆ, ಕೊನೆಯ ಮನೆಯ ಪಕ್ಕದ ಮನೆ ಮೊದಲ ಮನೆಯೇ ಆಗುತ್ತದೆ. ಯಾರಿಗೆ ಯಾರು ನೆರೆ ಎಂದು ಒಂದೊಂದು ನಂಟಿಗೆ ಒಂದೊಂದು ಕಾರ್ಡು. ಮೊದಲ ಸಲ ಕಂಪ್ಯೂಟರು ಕೊಟ್ಟ ಉತ್ತರ ಅವನು ಕೈಯಲ್ಲಿ ಮಾಡಿದ್ದ ಲೆಕ್ಕಕ್ಕೆ ಹೊಂದಲಿಲ್ಲ. ಆಗ ತನ್ನ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದ ಚೂಡಾಮಣಿಯ ಕೈಯಿಂದ ಕಟ್ಟನ್ನು ಇಸಿದುಕೊಂಡು ಇಸ್ಪೀಟೆಲೆಯ ಹಾಗೆ ಬಿಡಿಸಿ ನೋಡಿದ. ಒಂದು–ಐದು ಎರಡು ಸಲ. ಎರಡು–ಆರು ಎರಡು ಸಲ. ನಾಲ್ಕು ಕಾರ್ಡು ಪುನರಾವರ್ತನೆ. "ನೋಡು, ಬರೆದಿದ್ದನ್ನೇ ಬರೆದಿದ್ದೀಯ," ಎಂದು ನಾಲ್ಕನ್ನೂ ಎಳೆದು ಕಸದ ಬುಟ್ಟಿಗೆ ಹಾಕಿದ. ಅವಳು ಮೆಲ್ಲಗೆ, "ಅದು ಎರಡು ಸಲ ಇರ್ಬೇಕು ಸಾರ್," ಎಂದಳು. "ಇರೋದು ಎರಡೇ ಸಾಲಲ್ವಾ, ಮೇಲಿನ ಮನೆಯೋನೂ ಅವನೇ, ಕೆಳಗಿನ ಮನೆಯೋನೂ ಅವನೇ ಆಗ್ತಾನೆ." ಅವನು ಮುಖ ಗಂಟಿಕ್ಕಿದ್ದನ್ನು ನೋಡಿ, ಅರ್ಥ ಮಾಡಿಸಬೇಕೆಂಬ ಆತುರದಲ್ಲಿ ಅವಳು ಇನ್ನೂ ಒಂದು ಮಾತು ಆಡಿದಳು. "ಈಗ ನಮ್ಮಪ್ಪ ನಮ್ಮಮ್ಮಂಗೆ ಸೋದರಮಾವ ಸಾರ್. ಗಂಡಾನೂ ಹೌದು. ಮನುಷ್ಯ ಒಬ್ರೇ, ಸಂಬಂಧ ಎರಡು. ಎರಡೂ ಲೆಕ್ಕಕ್ಕೆ ಬರುತ್ತೆ." ಸರದಿಯಲ್ಲಿ ನಿಂತವರಲ್ಲಿ ಒಬ್ಬ ಕಿಸಕ್ಕೆಂದ. ಮರುಳಸಿದ್ದಪ್ಪ, "ಇದು ಫಿಸಿಕ್ಸು ಕಣಮ್ಮ, ನಿಮ್ಮ ಕೇರಿ ಸೋದರಿಕೆ ಅಲ್ಲ," ಎಂದ. ಎಲ್ಲರೂ ನಕ್ಕರು. ತನ್ನ ಮಾತಿಗೆ ಜನ ನಕ್ಕದ್ದು ಅವನಿಗೆ ಖುಷಿಯಾಯಿತು, ಅದನ್ನು ಅವನು ಈಗಲೂ ಇಲ್ಲವೆನ್ನಲಾರ. ಎರಡನೇ ಸಲ ಕಂಪ್ಯೂಟರು ಕೊಟ್ಟ ಉತ್ತರ ಅವನ ಲೆಕ್ಕಕ್ಕೆ ಎರಡನೇ ದಶಮಾಂಶದ ತನಕ ಹೊಂದಿತು. ಹೊಂದಿದ ಮೇಲೆ ಸ್ಪಿನ್ನಿಗೆ ಮೂರು ನಂಟಿನಂತೆ ಎಂಟು ಮೂರಲಿ ಇಪ್ಪತ್ತನಾಲ್ಕು ಎಂದು ಎಣಿಸಿ ನೋಡುವವರು ಯಾರು? ಮಾರ್ಚಿನಲ್ಲಿ ವಾರ್ಷಿಕ ವರದಿಯಲ್ಲಿ ಅವಳ ಹೆಸರಿನ ಮುಂದೆ, ಬುದ್ಧಿಯಿದೆ, ಎಚ್ಚರ ಸಾಲದು, ಎಂದು ಬರೆದ. ಬರೆಯುವಾಗ ದ್ವೇಷವೇನೂ ಇರಲಿಲ್ಲ. ಅವಳ ಫೆಲೋಶಿಪ್ಪು ಮುಂದುವರಿಯಲಿಲ್ಲ. ಒಂದು ದಿನ ನೋಡಿದರೆ ಅವಳ ಮೇಜಿನ ಮೇಲೆ ಬೇರೆಯವರ ಪುಸ್ತಕಗಳಿದ್ದವು.

ಸಿದ್ದಾಪುರದಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅವಳ ತಂದೆ ಮುನಿಯಣ್ಣ ಗಿಡಗಳ ನರ್ಸರಿ ಇಟ್ಟಿದ್ದರು ಎಂಬುದು ಅವನಿಗೆ ನೆನಪಿತ್ತು, ಕೇಳಿದ ಮೊದಲನೆಯವನೇ ಕೈ ತೋರಿಸಿದ. ಹಲಸೂರಿನವರ ಹಾಗೆ ಮಾತಾಡುತ್ತಾಳೆ ಎಂದು ಒಮ್ಮೆ ಯಾರೋ ಅವಳನ್ನು ಅಣಕಿಸಿದಾಗ, "ನಾನು ಸಿದ್ದಾಪುರ, ಲಾಲ್‌ಬಾಗ್ ಹಿಂದ್ಗಡೆ," ಎಂದು ಅವಳು ತಿದ್ದಿದ್ದು ಅವನಿಗೆ ಸುಮ್ಮನೆ ನೆನಪಾಯಿತು. ಮಣ್ಣು ತುಂಬಿದ ಕುಂಡಗಳ ನಡುವೆ ಒಬ್ಬ ವಯಸ್ಸಾದ ಹೆಂಗಸು ಸೀರೆ ಎತ್ತಿ ಕಟ್ಟಿ ಗುಲಾಬಿ ಕಡ್ಡಿಗಳನ್ನು ನೆಡುತ್ತಿದ್ದಳು. ಹೆಸರು ಹೇಳಿದೊಡನೆ ಗಡಬಡಿಸಿ ಎದ್ದು ಕೈಯ ಮಣ್ಣನ್ನು ಸೆರಗಿಗೆ ಒರೆಸಿ ಕೈ ಮುಗಿದಳು. "ಅಯ್ಯೋ, ದೊಡ್ ಮೇಷ್ಟ್ರು! ಮಣೀ, ನಿಮ್ ಮೇಷ್ಟ್ರು ಬಂದವ್ರೆ ಕಣೇ! ಬನ್ನಿ ಸಾಮಿ, ಒಳೀಕ್ ಬನ್ನಿ." ಅವಳೇ ಲಕ್ಷ್ಮಮ್ಮ, ಚೂಡಾಮಣಿಯ ತಾಯಿ. ಬಾಳೆಹಣ್ಣನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು ದೇವರ ಪಟದ ಮುಂದೆ ಇಟ್ಟಳು. ಅವನಿಗೆ ಅಲ್ಲಿಂದ ಓಡಿಹೋಗಬೇಕೆನ್ನಿಸಿತು.

ಚೂಡಾಮಣಿ ಸ್ನಾನಕ್ಕೆ ಹೋಗಿದ್ದಳು. ಚಾಪೆಯ ಮೇಲೆ ಹೈಸ್ಕೂಲು ಮಕ್ಕಳ ಗಣಿತದ ಉತ್ತರಪತ್ರಿಕೆಗಳ ಎರಡು ಕಟ್ಟುಗಳಿದ್ದವು. ಲಕ್ಷ್ಮಮ್ಮ ಬಾಗಿಲ ಹತ್ತಿರ ನೆಲದ ಮೇಲೆ ಕೂತು, ಕೇಳದಿದ್ದರೂ ಹೇಳತೊಡಗಿದಳು. ಮಗಳು ಜಯನಗರದ ಒಂದು ಸ್ಕೂಲಿನಲ್ಲಿ ಟೀಚರು. ಮಾವ ಹೋಗಿ ಮೂರು ವರ್ಷವಾಯಿತು. ಮಾವ ಅಂದರೆ ಗಂಡನೇ ಎಂದು ತಿಳಿಯಲು ಮರುಳಸಿದ್ದಪ್ಪನಿಗೆ ಒಂದು ಕ್ಷಣ ಹಿಡಿಯಿತು. "ನೀವು ಅವ್ಳಿಗೆ ಏಳಿದ್ದು ಒಳ್ಳೇದೇ ಆಯ್ತು ಸಾಮಿ. ಎಚ್ಚರಿಕೆ ಇಲ್ಲ ಅಂತ ಬರೆದ್ರಂತಲ್ಲ, ಅವತ್ತಿಂದ ನೋಡಿ, ಒಂದೊಂದು ಪೇಪರೂ ಎರಡೆರಡು ಸಲ ನೋಡ್ತಾಳೆ. ಬೀಗ ಹಾಕಿದ್ಮೇಲೆ ಬೀದಿ ತಿರುವಿನಿಂದ ವಾಪಸ್ ಬಂದು ಎಳೆದು ನೋಡ್ತಾಳೆ. ಒಂದ್ ಗಂಡು ಬಂದಿತ್ತು, ಒಪ್ಕೊಂಡಿದ್ರು, ಇವ್ಳೇ ಬ್ಯಾಡ ಅಂದ್ಲು. ಸರೀನೋ ತಪ್ಪೋ ಗೊತ್ತಾಗಲ್ಲಮ್ಮ ನಂಗೆ, ಆಮೇಲೆ ತಪ್ಪು ಅಂತ ಗೊತ್ತಾದ್ರೆ ಏನ್ ಮಾಡ್ಲಿ, ಅಂತಾಳೆ. ಈ ಬುದ್ಧಿ ಮೊದ್ಲೇ ಇದ್ದಿದ್ರೆ ನಿಮ್ ತಾವೇ ಇರ್ತಿದ್ಲಲ್ಲ." ಲಕ್ಷ್ಮಮ್ಮ ನಕ್ಕಳು.  ಒಂದು ಸಾಲು. ವರದಿಯಲ್ಲಿ ಒಂದು ಸಾಲು ತುಂಬಲು ಜಾಗವಿತ್ತು, ತುಂಬಿದ್ದ. ಅದೇ ದಿನ ಇನ್ನೂ ಆರು ಜನರ ಬಗ್ಗೆ ಒಂದೊಂದು ಸಾಲು ಬರೆದಿದ್ದ, ಅವರೆಲ್ಲ ಎಲ್ಲಿದ್ದಾರೋ.

ಚೂಡಾಮಣಿ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡೇ ಹೊರಗೆ ಬಂದಳು. ಅವನನ್ನು ಕಂಡು ಟವೆಲ್ ಎಳೆದು ಕೈಯಲ್ಲಿ ಹಿಡಿದುಕೊಂಡಳು. ದಪ್ಪ ಕನ್ನಡಕ ಬಂದಿತ್ತು. ಲಕ್ಷ್ಮಮ್ಮ ಕಾಫಿಗೆ ಹಾಲು ತರುತ್ತೇನೆಂದು ಹೊರಗೆ ಹೋದಳು. ಅವನು ದಾರಿಯಲ್ಲಿ ಜೋಡಿಸಿಕೊಂಡಿದ್ದ ಮಾತು ಒಂದೂ ಇರಲಿಲ್ಲ. ನೀನು ಅನ್ನುವುದೋ ನೀವು ಅನ್ನುವುದೋ ತಿಳಿಯದೆ, ಎರಡೂ ಬೇಕಾಗದ ಒಂದೇ ಪದವನ್ನು ಹೇಳಿದ.

"ತಪ್ಪಾಯ್ತು, ಚೂಡಾಮಣಿ."

ಕನ್ನಡದಲ್ಲಿ ಹೀಗೆ ಅಂದರೆ ಕ್ಷಮೆ ಕೇಳಿದ ಹಾಗೆ. ತಪ್ಪು ಮಾಡಿದವರು ಯಾರು ಎಂದು ಆ ಪದದಲ್ಲಿ ಎಲ್ಲೂ ಇಲ್ಲ, ಹೇಳಿದವನ ಮುಖ ನೋಡಿ ತಿಳಿಯಬೇಕು. ಅವಳು ಅವನ ಮುಖ ನೋಡಲಿಲ್ಲ. ಟವೆಲನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಎಲ್ಲಿ ಸಾರ್? ನಂದು ಇನ್ನೊಂದು ಸಿಕ್ತಾ?"

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಜೇಬಿನ ಹಾಳೆಯನ್ನು ತೆಗೆದು ಕೊಟ್ಟ. ಆ ಹೊತ್ತಿಗೆ ಕೊಡಬಾರದ ವಸ್ತು ಅದೊಂದೇ ಎಂದು ಕೊಟ್ಟ ಮೇಲೆ ಹೊಳೆಯಿತು. ಅವಳು ನಿಂತೇ ಓದಿದಳು, ಮತ್ತೆ ಮೊದಲಿನಿಂದ ಓದಿದಳು.

"ಪಂಚ್ ಮಾಡಿದ್ದು ನಾನೇ ಅಲ್ವಾ ಸಾರ್. ಯಾವ ಕಾರ್ಡು?" ಎಂದಳು. ಸ್ವಲ್ಪ ತಡೆದು, "ಅವತ್ತು ನಾನು ವಾದ ಮಾಡ್ದೆ. ಎರಡು ಸಲ ಇರ್ಬೇಕು ಅಂತ. ಆಮೇಲೆ ನಿಮ್ಮ ನಂಬರ್ ಹೊಂದ್ಕೊಳ್ತಲ್ಲ, ಅಷ್ಟು ಹೊಂದ್ಕೊಂಡ್ಮೇಲೆ ನಂದೇ ತಪ್ಪು ಅಂತ ಗೊತ್ತಾಯ್ತು. ಈಗ ಅದೂ ಸರಿ ಇಲ್ಲ ಅಂದ್ರೆ ಬೇರೆ ಎಲ್ಲೋ ಮಾಡಿರ್ತೀನಿ. ಹೀಗೇ ಕಳ್ಸಿ ಸಾರ್. ನನ್ನ ಹೆಸರು ಬಂದ್ರೂ ಪರವಾಗಿಲ್ಲ, ಅಲ್ಲಿ ಯಾರಿಗೆ ನಾನು ಗೊತ್ತು," ಎಂದು ಹಾಳೆಯನ್ನು ಮೊದಲಿದ್ದ ಗೆರೆಯಲ್ಲೇ ಮಡಿಸಿ ವಾಪಸು ಚಾಚಿದಳು.

ಅವನು ಬಂದದ್ದು ಇದಕ್ಕೇ. ಅವಳಾಗಿಯೇ ಕೊಡುತ್ತಿದ್ದಳು, ಕೇಳುವ ಕಷ್ಟವನ್ನೂ ಉಳಿಸಿ. ತೆಗೆದುಕೊಂಡು ಕಾಫಿ ಕುಡಿದು ಹೊರಟರೆ ಹನ್ನೆರಡಕ್ಕೆ ಮನೆ ಸೇರಬಹುದು, ನಾಳೆ ಅಂಚೆಗೆ ಹಾಕಬಹುದು, ತಿರುಮಲೇಶನಿಗೂ ಒಂದು ಪ್ರತಿ. ಕೈ ಚಾಚಿದ್ದನ್ನು ಅವನೇ ನೋಡಿದ, ತನ್ನ ಕೈ. ಎಷ್ಟು ಸಲೀಸಾಗಿ ಹೋಯಿತು ಅದು. ಆಗ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ದುಃಖವೂ ಅಲ್ಲ, ಪಶ್ಚಾತ್ತಾಪವೂ ಅಲ್ಲ, ಹೇಸಿಗೆ.

"ಎಷ್ಟು ಕಾರ್ಡು ಮಾಡಿದ್ದೆ ನೀನು?" ಎಂದ.

"ಇಪ್ಪತ್ನಾಲ್ಕು."

"ಇಪ್ಪತ್ನಾಲ್ಕೇ ಸರಿ. ನಾಲ್ಕು ತೆಗೆದದ್ದು ನಾನು. ನೀನು ಹೇಳಿದೆ, ನಾನು ಕೇಳಲಿಲ್ಲ. ಕೇಳದೆ ತೆಗೆದೆ. ಆಮೇಲೆ ಎಣಿಸಿಯೂ ನೋಡಲಿಲ್ಲ. ನಿನ್ನದು ಒಂದೂ ತಪ್ಪಿರಲಿಲ್ಲ, ನಾನು ಮಾಡಿದ್ದು." ಪ್ರತಿ ವಾಕ್ಯಕ್ಕೂ ನಾನು ಎಂದು ಸೇರಿಸುವುದು ನಾಲಿಗೆಗೆ ಕಷ್ಟವಾಯಿತು. ಕನ್ನಡದಲ್ಲಿ ಅದನ್ನು ಬಿಟ್ಟರೂ ನಡೆಯುತ್ತದೆ.

ಚೂಡಾಮಣಿ ಚಾಪೆಯ ಮೇಲೆ, ಉತ್ತರಪತ್ರಿಕೆಗಳ ಪಕ್ಕದಲ್ಲಿ ಕೂತಳು. ಅಳುತ್ತಾಳೆ ಎಂದುಕೊಂಡ, ಅಳಲಿಲ್ಲ. ಬೆರಳಿನಿಂದ ಚಾಪೆಯ ಮೇಲೆ ಎರಡು ಸಾಲು ಚುಕ್ಕೆ ಒತ್ತಿದಳು, ಮೇಲಿಂದ ಕೆಳಕ್ಕೆ, ಕೆಳಗಿಂದ ಸುತ್ತಿ ಮತ್ತೆ ಮೇಲಕ್ಕೆ. "ಎರಡು ಸಂಬಂಧಾನೂ ಬರುತ್ತೆ ಅಲ್ವಾ ಸಾರ್?" ಎಂದಳು. "ಬರುತ್ತೆ," ಎಂದ. "ಎರಡೂ?" "ಎರಡೂ." ಎರಡು ಸಲ ಕೇಳಿದ ಮೇಲೆ ಅವಳು ತಲೆಯೆತ್ತಿದಳು. ಅವಳ ಮುಖದಲ್ಲಿ ಇದ್ದದ್ದು ಕೋಪ ಎಂದು ಅವನು ಗುರುತಿಸುವುದಕ್ಕೆ ಹೊತ್ತು ಹಿಡಿಯಿತು, ಯಾಕೆಂದರೆ ಆ ಮುಖದಲ್ಲಿ ಅದನ್ನು ಅವನು ಹಿಂದೆ ನೋಡಿರಲಿಲ್ಲ.

"ನಂಗೆ ಹೇಳಿದ್ದು ಸಾಲದು ಸಾರ್. ಅಮ್ಮಂಗೆ ಹೇಳಿ."

"ಅವರಿಗೆ ಇದೆಲ್ಲ ಹೇಗೆ..."

"ಅರ್ಥ ಆಗೋ ಹಂಗೆ ಹೇಳಿ. ಅವತ್ತು ನಾನು ನಿಮಗೆ ಅರ್ಥ ಆಗೋ ಹಂಗೇ ಹೇಳಿದ್ದೆ."

ಲಕ್ಷ್ಮಮ್ಮ ಹಾಲಿನ ಪಾತ್ರೆ ಹಿಡಿದು ಒಳಗೆ ಬಂದಳು. ಮಗಳು ಅದನ್ನು ಇಸಿದುಕೊಂಡು ಕೆಳಗಿಟ್ಟಳು. ಮರುಳಸಿದ್ದಪ್ಪ ಕುರ್ಚಿಯಿಂದ ಎದ್ದು ನಿಂತ.  "ಅಮ್ಮ," ಎಂದ, "ನಿಮ್ಮ ಮಗಳು ಕೆಲಸ ಸರಿಯಾಗಿ ಮಾಡಿದ್ದಳು. ನಾನು ಅದನ್ನ ಕೆಡಿಸಿದೆ. ಕೆಡಿಸಿ, ಅವಳಿಗೆ ಎಚ್ಚರ ಇಲ್ಲ ಅಂತ ಬರೆದೆ. ಎಚ್ಚರ ಇಲ್ಲದೋನು ನಾನು."

ಲಕ್ಷ್ಮಮ್ಮ ಅವನನ್ನೇ ನೋಡಿದಳು. ಮೇಷ್ಟ್ರು ತಮಾಷೆ ಮಾಡುತ್ತಿದ್ದಾರೋ ಎಂದು ಮಗಳ ಕಡೆ ತಿರುಗಿದಳು. ಮಗಳು ತಲೆಯಾಡಿಸಿದಳು. ಬೈಯುತ್ತಾಳೆ ಎಂದು ಅವನು ಕಾದ. ಬೈದಿದ್ದರೆ ಹಗುರಾಗುತ್ತಿತ್ತು, ಅದಕ್ಕೂ ಅವನು ಸಿದ್ಧನಾಗಿದ್ದ. ಆದರೆ ಅವಳು ಅವನನ್ನು ಬಿಟ್ಟು ಮಗಳನ್ನೇ ನೋಡುತ್ತಿದ್ದಳು.

"ಅಂಗಾರೆ ನಾನು ಏನೇನೆಲ್ಲ ಅಂದ್ನಲ್ಲೇ ನಿನ್ನ," ಎಂದಳು ಮಗಳಿಗೆ. "ಉಪ್ಪು ಜಾಸ್ತಿ ಆದ್ರೂ ಅಂದೆ, ಹಾಲು ಉಕ್ಕಿದ್ರೂ ಅಂದೆ. ಮೇಷ್ಟ್ರು ಸುಮ್ನೆ ಬರೆದ್ರಾ ಅಂತ. ನೀನೂ ಒಂದಿನಾನೂ ತಿರುಗಿ ಮಾತಾಡ್ಲಿಲ್ಲ."

"ಬಿಡಮ್ಮ."

"ನಂದು ಬಿಡು, ಈಗ ಗೊತ್ತಾಯ್ತು. ನಿಮ್ಮಪ್ಪ ಆಸ್ಪತ್ರೆಯಾಗೆ ಕೊನೇ ದಿನ್ವೂ ಅಂದ್ರು. ಆ ಮಗು ವಸಿ ನೋಡ್ಕಂಡು ಮಾಡಿದ್ರೆ ಎಲ್ಲಿರ್ತಿತ್ತು, ಅಂದ್ಕಂಡೇ ಕಣ್ ಮುಚ್ಚಿದ್ರು." ಅವಳು ಸೆರಗಿನ ತುದಿಯನ್ನು ಬಾಯಿಗಿಟ್ಟುಕೊಂಡಳು, ತೆಗೆದಳು. ಮತ್ತೆ ಮರುಳಸಿದ್ದಪ್ಪನ ಕಡೆ ತಿರುಗಿ, ಬೈಗುಳವಲ್ಲದ, ನಿಜವಾಗಿ ತಿಳಿದುಕೊಳ್ಳಬೇಕೆಂಬ ದನಿಯಲ್ಲಿ ಕೇಳಿದಳು:

"ಇದ್ನ ಅವ್ರಿಗೆ ಯಾರು ಏಳ್ತಾರೆ ಸಾಮಿ?"